ಮಧ್ಯಾಹ್ನ ಎರಡಕ್ಕೆ ಕೈಕೊಡುವ ಬೋರ್ಡು: ವೋಲ್ಟೇಜ್, ಬಿಸಿ ಮತ್ತು ಕ್ಲಾಕ್ ದೋಷ ಹಿಡಿಯುವ ಬಗೆ

ರಾಯಚೂರು ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ. ಹೊಲದ ಹನಿ ನೀರಾವರಿಗೆ ನಾನೇ ಕಟ್ಟಿದ ಒಂದು ಟೈಮರ್ ಪೆಟ್ಟಿಗೆ ಇತ್ತು. ಬೆಳಿಗ್ಗೆ ಸರಿಯಾಗಿ ನಡೆಯುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ರಿಲೇಗಳು (ಕರೆಂಟ್‌ನಿಂದ ಆನ್ ಆಫ್ ಆಗುವ ಸ್ವಿಚ್‌ಗಳು) ಟಕ್ ಟಕ್ ಅಂತ ಬಿದ್ದು ಏಳಲು ಶುರು. ಸಂಜೆ ತಂಪಾದ ಮೇಲೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಸರಿ. ನಾನು ಒಂದು ವಾರ ಕೋಡ್ ತಿದ್ದಿದೆ. ಚಿಪ್ ಬದಲಿಸಿದೆ. ಕೊನೆಗೆ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟರೆ 58 ಡಿಗ್ರಿ ತೋರಿಸಿತು. ಮೀಟರ್ ಹಿಡಿದರೆ 5 ವೋಲ್ಟ್ ಇರಬೇಕಾದ ಕಡೆ ಅಂಕಿ ಕುಣಿಯುತ್ತಿತ್ತು. ಕೋಡ್‌ನದು ತಪ್ಪಿರಲಿಲ್ಲ, ಚಿಪ್‌ನದೂ ಇರಲಿಲ್ಲ. ಬಿಸಿ ಏಟು ಕೊಟ್ಟಿದ್ದು ಚಿಪ್‌ಗೆ ಊಟ ಹಾಕುವ, ಅಂದರೆ ಅಡಾಪ್ಟರ್‌ನ ವೋಲ್ಟೇಜನ್ನು ಸ್ಥಿರವಾದ 5 ವೋಲ್ಟ್‌ಗೆ ಇಳಿಸಿ ಕೊಡುವ ರೆಗ್ಯುಲೇಟರ್‌ಗೆ.

ಅವತ್ತಿನಿಂದ ನಾನು ಹುಡುಕುವ ಕ್ರಮವೇ ಬದಲಾಯಿತು. ಚಿಪ್ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ. ಆರ್ಡುಯಿನೊ, ಇಎಸ್‌ಪಿ32, ರಾಸ್ಪ್‌ಬೆರಿ ಪೈ ಇಂಥ ಸಣ್ಣ ಬೋರ್ಡುಗಳನ್ನು ಇಟ್ಟುಕೊಂಡು ಒದ್ದಾಡುವವರಿಗಾಗಿ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಳಗೆ ಏನು ನಡೆಯುತ್ತದೆ

ಮನೆಗೆ ಆರ್‌ಸಿಸಿ ಹಾಕುವ ದಿನ ನೋಡಿದ್ದೀರಲ್ಲ. ಕೆಳಗಿನಿಂದ ಮಾಳಿಗೆಯವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಸ್ತ್ರಿ ಒಂದೇ ಲಯದಲ್ಲಿ ಕೂಗುತ್ತಿದ್ದಾನೆ ಅಂದುಕೊಳ್ಳಿ. ಒಂದು ಕೂಗಿಗೂ ಮುಂದಿನ ಕೂಗಿಗೂ ನಡುವೆ ಬಾಂಡ್ಲಿ ಪಕ್ಕದವನ ಕೈ ಸೇರಿ, ಅವನ ಹಿಡಿತ ಗಟ್ಟಿಯಾಗಿರಬೇಕು. ಆ ಕೂಗೇ ಕ್ಲಾಕ್. 16 ಮೆಗಾಹರ್ಟ್ಸ್ ಅಂದರೆ ಎರಡು ಕೂಗುಗಳ ನಡುವೆ 62.5 ನ್ಯಾನೊಸೆಕೆಂಡ್. ಆಳುಗಳೇ ಟ್ರಾನ್ಸಿಸ್ಟರ್‌ಗಳು, ಅವರಿಗೆ ಸಿಗುವ ಊಟ ವೋಲ್ಟೇಜ್. ಊಟ ಕಡಿಮೆಯಾದರೆ ಕೈ ನಿಧಾನವಾಗುತ್ತದೆ. ಬಿಸಿ ಏರಿದರೂ ಸಾಮಾನ್ಯವಾಗಿ ನಿಧಾನವೇ, ಯಾಕೆಂದರೆ ಬಿಸಿ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳ ಓಡಾಟಕ್ಕೆ ಅಡ್ಡಿ ಜಾಸ್ತಿ.

ಇಲ್ಲಿಂದ ಮೂರು ಬೇರೆ ಬೇರೆ ತೊಂದರೆಗಳು ಹುಟ್ಟುತ್ತವೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಗೊಂದಲ ಆಗುವುದೇ ಇಲ್ಲಿ.

ಮೇಸ್ತ್ರಿ ಕ್ರಿಸ್ಟಲ್ (ಒಂದೇ ಲಯದಲ್ಲಿ ಕಂಪಿಸುವ ಪುಟ್ಟ ಸ್ಫಟಿಕ) ಆಗಿದ್ದರೆ ಆಳುಗಳು ಸುಸ್ತಾದರೂ ಅವನ ಲಯ ಬದಲಾಗುವುದಿಲ್ಲ. ಬಾಂಡ್ಲಿ ಜಾರುತ್ತದೆ. ಅಂದರೆ ತಪ್ಪು ಲೆಕ್ಕ, ಹ್ಯಾಂಗ್, ವಿಚಿತ್ರ ವರ್ತನೆ. ಕೆಲವು ಚಿಪ್‌ಗಳಲ್ಲಿ ಕ್ಲಾಕ್ ಒಳಗಿನ ಆರ್‌ಸಿ ಆಸಿಲೇಟರ್‌ನಿಂದ, ಅಂದರೆ ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿ ಲಯ ಹುಟ್ಟಿಸುವ ಸರ್ಕ್ಯೂಟ್‌ನಿಂದ ಬರುತ್ತದೆ. ಅಲ್ಲಿ ಕೂಗುವವನೂ ಸಾಲಿನಲ್ಲಿ ನಿಂತ ಒಬ್ಬ ಆಳೇ. ವೋಲ್ಟೇಜ್ ಮತ್ತು ಬಿಸಿ ಬದಲಾದಂತೆ ಲಯವೇ ಹಿಂದೆ ಮುಂದೆ ಆಗುತ್ತದೆ. ಮೂರನೆಯವನು ಬುದ್ಧಿವಂತ ಮೇಸ್ತ್ರಿ. ಆಳುಗಳು ದಣಿದಿದ್ದು ಕಂಡ ಕೂಡಲೇ ತಾನೇ ನಿಧಾನವಾಗಿ ಕೂಗುತ್ತಾನೆ. ರಾಸ್ಪ್‌ಬೆರಿ ಪೈ, ಲ್ಯಾಪ್‌ಟಾಪ್, ಮೊಬೈಲ್ ಮಾಡುವುದು ಇದನ್ನೇ. ಏನೂ ಕೆಡುವುದಿಲ್ಲ, ಆದರೆ ಕೆಲಸ ಎಳೆಯುತ್ತದೆ.

ಮುಟ್ಟುವ ಮುಂಚೆ

ಕೆಳಗಿನ ಅಳತೆಗಳೆಲ್ಲ 12 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರುವ ಡಿಸಿ ಕಡೆಯವು. ಅಡಾಪ್ಟರ್ ಅಥವಾ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡಿ ಕೊಡುವ ಸಪ್ಲೈ) ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಬೋರ್ಡು ಮೋಟರ್ ಸ್ಟಾರ್ಟರ್ ಪೆಟ್ಟಿಗೆಯೊಳಗೇ ಇದ್ದರೆ ಮೊದಲು ಮೇನ್ ಇಳಿಸಿ, ಬೋರ್ಡನ್ನು ಹೊರಗೆ ತಂದು ಮೇಜಿನ ಮೇಲೆ ನೋಡಿ. 415 ವೋಲ್ಟ್ ಪಕ್ಕದಲ್ಲಿ ಮೀಟರ್ ಕಡ್ಡಿ ಆಡಿಸುವ ಕೆಲಸ ಬೇಡ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ.

ಇನ್ನೊಂದು ಮಾತು. ವೋಲ್ಟೇಜ್ ಕಡಿಮೆ ಇದ್ದರೆ ತೊಂದರೆ ಅಂತ ಗೊತ್ತಾದ ಮೇಲೆ ಕೆಲವರಿಗೆ ಅದನ್ನು ಏರಿಸುವ ಉಮೇದು ಬರುತ್ತದೆ. ಆರ್ಡುಯಿನೊ ಊನೊ ಬೋರ್ಡಿನ ಅಟ್‌ಮೆಗಾ328ಪಿ ಚಿಪ್ ಕೆಲಸ ಮಾಡುವ ಮಿತಿ 5.5 ವೋಲ್ಟ್. 6 ದಾಟಿದರೆ ಚಿಪ್ ಹೋಗಬಹುದು.

ಲಕ್ಷಣ: ರಿಲೇ ಎಳೆದಾಗ ಅಥವಾ ವೈಫೈ ಹಚ್ಚಿದಾಗ ರೀಸೆಟ್ ಆಗುತ್ತದೆ

ಇದು ಎಲ್ಲಕ್ಕಿಂತ ಸಾಮಾನ್ಯ ದೂರು. ಹೊತ್ತು ಗೊತ್ತಿಲ್ಲದೆ ರೀಸೆಟ್ ಆಗುವುದಿಲ್ಲ, ಏನೋ ಒಂದು ಆನ್ ಆದಾಗಲೇ ಆಗುತ್ತದೆ ಅನ್ನುವುದೇ ಇಲ್ಲಿ ಸುಳಿವು. ಆ ಕ್ಷಣದಲ್ಲಿ ಕರೆಂಟ್ ಜಾಸ್ತಿ ಎಳೆದು ವೋಲ್ಟೇಜ್ ಕುಸಿಯುತ್ತಿದೆ.

ಮೊದಲು ಕಾಸು ಖರ್ಚಿಲ್ಲದ ಕೆಲಸ: ಕೇಬಲ್ ಬದಲಿಸಿ. ಮೊಬೈಲ್ ಜೊತೆ ಬಂದ ತೆಳು ಯುಎಸ್‌ಬಿ ಕೇಬಲ್‌ನ ಒಳ ತಂತಿ 28 ಗೇಜ್ ಇದ್ದರೆ, 1 ಮೀಟರ್ ಉದ್ದಕ್ಕೆ ಹೋಗಿ ಬರುವ ದಾರಿ ಸೇರಿ ಸುಮಾರು 0.43 ಓಮ್. 1 ಆಂಪಿಯರ್ ಎಳೆದರೆ ದಾರಿಯಲ್ಲೇ 0.43 ವೋಲ್ಟ್ ಖಾಲಿ. ಅಡಾಪ್ಟರ್‌ನಲ್ಲಿ 5 ಇದ್ದದ್ದು ಬೋರ್ಡಿಗೆ 4.57 ಆಗಿ ತಲುಪುತ್ತದೆ. ಮೇಲೆ ಬ್ರೆಡ್‌ಬೋರ್ಡ್‌ನ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ಸಡಿಲ ತೂತುಗಳು ಬೇರೆ.

ಆಮೇಲೆ ಮೀಟರ್. ಅಡಾಪ್ಟರ್ ತುದಿಯಲ್ಲಿ ಅಳೆದು ಸರಿ ಇದೆ ಅನ್ನುವುದು ಸಾಲದು. ಚಿಪ್‌ನ ಕಾಲಲ್ಲೇ ಅಳೆಯಿರಿ. 28 ಕಾಲಿನ ಅಟ್‌ಮೆಗಾ328ಪಿಯಲ್ಲಿ 7ನೇ ಕಾಲು ಪ್ಲಸ್, 8ನೇ ಕಾಲು ಗ್ರೌಂಡ್. ಎಲ್ಲ ರಿಲೇಗಳನ್ನೂ ಒಟ್ಟಿಗೆ ಆನ್ ಮಾಡಿ ಅಳೆಯಿರಿ. ಸಾಮಾನ್ಯವಾಗಿ ಸಿಗುವ ನೀಲಿ 5 ವೋಲ್ಟ್ ರಿಲೇ ಒಂದಕ್ಕೆ ಸುಮಾರು 70 ಮಿಲಿಆಂಪಿಯರ್ ಬೇಕು. ನಾಲ್ಕಾದರೆ 280. ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500. ಜೊತೆಗೆ ಡಿಸ್‌ಪ್ಲೇ, ಸೆನ್ಸರ್ ಎಲ್ಲ ಸೇರಿದರೆ ಉಳಿಯುವುದೆಷ್ಟು?

ಜಿಎಸ್‌ಎಂ ಮಾಡ್ಯೂಲ್ ಇದ್ದರಂತೂ ಲೆಕ್ಕವೇ ಬೇರೆ. ಮೊಬೈಲ್‌ನಿಂದ ಪಂಪ್ ಚಾಲೂ ಮಾಡುವ ಪೆಟ್ಟಿಗೆಗಳಲ್ಲಿ ಬರುವ ಸಿಮ್800ಎಲ್, ಟವರ್ ಜೊತೆ ಮಾತಾಡುವಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ 3.4ರಿಂದ 4.4 ವೋಲ್ಟ್ ಒಳಗೇ ಬೇಕು. ಆರ್ಡುಯಿನೊದ 5 ವೋಲ್ಟ್ ಕಾಲಿನಿಂದ ಅದನ್ನು ಸಾಕಲು ಹೋಗಬೇಡಿ.

ಮೀಟರ್‌ಗೆ ಒಂದು ಮಿತಿ ಇದೆ. ಅದು ಸರಾಸರಿ ತೋರಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಆಗುವ ಕುಸಿತ ಅದಕ್ಕೆ ಕಾಣುವುದಿಲ್ಲ. ಆಸಿಲೋಸ್ಕೋಪ್ ಇಲ್ಲದವರಿಗೆ ಎರಡು ಉಪಾಯ ಇವೆ. ಒಂದು, ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಅಥವಾ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. 10 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಪಟ್ಟೆ ಇರುವ ಕಾಲು ಗ್ರೌಂಡ್‌ಗೇ ಹೋಗಬೇಕು, ಉಲ್ಟಾ ಹಾಕಿದರೆ ಸಿಡಿಯುತ್ತದೆ. ರೀಸೆಟ್ ನಿಂತರೆ ಅಥವಾ ಕಡಿಮೆಯಾದರೆ ಕುಸಿತವೇ ಕಾರಣ. ಎರಡು, ಚಿಪ್‌ನಿಂದಲೇ ಹೇಳಿಸಿ. ಅಟ್‌ಮೆಗಾ ಒಳಗೆ 1.1 ವೋಲ್ಟ್‌ನ ಒಂದು ಆಧಾರ ವೋಲ್ಟೇಜ್ ಇದೆ. ಸಪ್ಲೈಯನ್ನು ರೆಫರೆನ್ಸ್ ಆಗಿಟ್ಟು ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿ ಓದುವ ಚಿಪ್‌ನ ಭಾಗ) ಅದನ್ನು ಓದಿದರೆ, 1.1ನ್ನು 1023ರಿಂದ ಗುಣಿಸಿ ಬಂದ ಅಂಕಿಯಿಂದ ಭಾಗಿಸಿದರೆ ಸಪ್ಲೈ ಎಷ್ಟಿದೆ ಅಂತ ಗೊತ್ತಾಗುತ್ತದೆ. ಓದಿದ್ದು 225 ಬಂದರೆ ಸಪ್ಲೈ ಸುಮಾರು 5 ವೋಲ್ಟ್. ಆ 1.1 ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರ ನಡುವೆ ಇರಬಹುದು. ಹಾಗಾಗಿ ಒಮ್ಮೆ ಮೀಟರ್ ಜೊತೆ ತಾಳೆ ನೋಡಿ, ನಿಮ್ಮ ಚಿಪ್‌ನ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಇಎಸ್‌ಪಿ32 ಇಟ್ಟುಕೊಂಡವರಿಗೆ ಕೆಲಸ ಸುಲಭ. ವೋಲ್ಟೇಜ್ ಕುಸಿದಾಗ ಅದು ಸೀರಿಯಲ್‌ನಲ್ಲಿ (ಬೋರ್ಡು ಕಂಪ್ಯೂಟರಿಗೆ ಅಕ್ಷರ ಕಳಿಸುವ ದಾರಿ) ಬ್ರೌನ್‌ಔಟ್ ಡಿಟೆಕ್ಟರ್ ಅಂತ ತಾನೇ ಬರೆದು ರೀಸೆಟ್ ಆಗುತ್ತದೆ. ಆ ಸಾಲು ಬೇಜಾರು ಅಂತ ಡಿಟೆಕ್ಟರನ್ನೇ ಕೋಡ್‌ನಲ್ಲಿ ಆಫ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಕೂಗುವ ನಾಯಿಯ ಬಾಯಿ ಕಟ್ಟಿದ ಹಾಗೆ ಅದು. 3.3 ವೋಲ್ಟ್ ಕಡೆ 500 ಮಿಲಿಆಂಪಿಯರ್ ಕೊಡುವ ಸಪ್ಲೈ ಇದೆಯಾ ನೋಡಿ. ಇನ್ನೊಂದು ಪದೇ ಪದೇ ಕಾಣುವ ತಪ್ಪು: 3.7 ವೋಲ್ಟ್ ಲಿಥಿಯಂ ಸೆಲ್‌ನಿಂದ ಎಎಂಎಸ್1117 ರೆಗ್ಯುಲೇಟರ್ ಮೂಲಕ 3.3 ತೆಗೆಯಲು ನೋಡುವುದು. ಆ ರೆಗ್ಯುಲೇಟರ್‌ಗೆ ಜಾಸ್ತಿ ಕರೆಂಟ್ ಎಳೆಯುವಾಗ ತನ್ನ ಪಾಲೇ ಒಂದು ವೋಲ್ಟ್‌ಗಿಂತ ಹೆಚ್ಚು ಬೇಕು. 3.7ರಲ್ಲಿ ಅದನ್ನು ಕಳೆದರೆ 3.3 ಎಲ್ಲಿಂದ ಬರಬೇಕು?

ಲಕ್ಷಣ: ರೀಸೆಟ್ ಆಗುವುದಿಲ್ಲ, ಆದರೆ ದೆವ್ವ ಹೊಕ್ಕಂತೆ ಆಡುತ್ತದೆ

ನನಗೆ ಅತಿ ಹೆಚ್ಚು ತಲೆನೋವು ಕೊಟ್ಟಿದ್ದು ಇದು. ಡಿಸ್‌ಪ್ಲೇ ಮೇಲೆ ಅರ್ಥವಿಲ್ಲದ ಅಕ್ಷರಗಳು. ಯಾರೂ ಮುಟ್ಟದೆ ಬದಲಾದ ಸೆಟ್ಟಿಂಗ್. ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಬರೆದಿಟ್ಟ ಅಂಕಿ ಅಳಿಸಿಹೋಗಿರುವುದು. ಕೋಡ್ ಎಲ್ಲೋ ನಡುವೆ ನಿಂತುಬಿಡುವುದು.

ಇದನ್ನು ಅರ್ಥಮಾಡಿಕೊಳ್ಳಲು ಚಿಪ್ ತಯಾರಕರು ಕೊಡುವ ಡೇಟಾಶೀಟ್‌ನ ಮೂರು ಸಾಲು ಸಾಕು. ಅಟ್‌ಮೆಗಾ328ಪಿ 1.8 ವೋಲ್ಟ್‌ನಲ್ಲಿ 4 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ. 2.7 ವೋಲ್ಟ್‌ನಲ್ಲಿ 10. 20 ಬೇಕೆಂದರೆ 4.5 ವೋಲ್ಟ್ ಕೊಡಬೇಕು. ನಡುವೆ ನೇರ ಗೆರೆ. ಊನೊ ಓಡುವುದು 16ರಲ್ಲಿ. ಆ ಗೆರೆಯ ಪ್ರಕಾರ 16ಕ್ಕೆ ಬೇಕಾಗುವುದು 3.78 ವೋಲ್ಟ್. ಆದರೆ ಊನೊ ಬೋರ್ಡಿನಲ್ಲಿ ಬ್ರೌನ್‌ಔಟ್ ಕಾವಲುಗಾರನನ್ನು ಕಾರ್ಖಾನೆಯಲ್ಲೇ 2.7 ವೋಲ್ಟ್‌ಗೆ ಹೊಂದಿಸಿರುತ್ತಾರೆ. ಅಂದರೆ 3.78ಕ್ಕೂ 2.7ಕ್ಕೂ ನಡುವೆ ಒಂದು ಓಣಿ ಇದೆ. ಅಲ್ಲಿ ಆಳುಗಳಿಗೆ ಬಾಂಡ್ಲಿ ದಾಟಿಸಲು ಸಮಯ ಸಾಲದು, ಆದರೂ ಕೆಲಸ ನಿಲ್ಲಿಸಿ ಅನ್ನುವವರಿಲ್ಲ. ಚಿಪ್ ತಪ್ಪು ಓದುತ್ತದೆ, ತಪ್ಪು ಕಡೆ ಜಿಗಿಯುತ್ತದೆ, ಇಇಪ್ರಾಮ್‌ನಲ್ಲಿ ಏನೋ ಒಂದು ಬರೆಯುತ್ತದೆ.

ಇಲ್ಲಿ ಇರುವುದರಲ್ಲೇ ಸುಲಭದ ಪರೀಕ್ಷೆ ಅಂದರೆ ಕ್ಲಾಕನ್ನು ಅರ್ಧ ಮಾಡುವುದು. ಅಟ್‌ಮೆಗಾದಲ್ಲಿ ಕ್ಲಾಕ್ ಪ್ರಿಸ್ಕೇಲರ್ ರಿಜಿಸ್ಟರ್ ಬರೆದು 16ನ್ನು 8 ಮೆಗಾಹರ್ಟ್ಸ್‌ಗೆ ಇಳಿಸಬಹುದು. ಸಾಮಾನು ಕೊಳ್ಳಬೇಕಿಲ್ಲ, ಬೆಸುಗೆ ಬೇಕಿಲ್ಲ. ಡಿಲೇಗಳು ದುಪ್ಪಟ್ಟಾಗುತ್ತವೆ, ಸೀರಿಯಲ್ ವೇಗ ಅರ್ಧವಾಗುತ್ತದೆ, ಪರೀಕ್ಷೆಯ ಮಟ್ಟಿಗೆ ಇದು ಪರವಾಗಿಲ್ಲ. ಹಾಗೆ ಇಳಿಸಿದ ಮೇಲೆ ದೆವ್ವ ಮಾಯವಾದರೆ ತೊಂದರೆ ಸಮಯದ ಅಭಾವದ್ದು. ಆಗ ಸಪ್ಲೈ ಸರಿಪಡಿಸಿ, ಇಲ್ಲವೇ 8ರಲ್ಲೇ ಓಡಿಸಿ. 3.3 ವೋಲ್ಟ್‌ನ ಆರ್ಡುಯಿನೊ ಪ್ರೊ ಮಿನಿ 8 ಮೆಗಾಹರ್ಟ್ಸ್‌ನಲ್ಲಿ ಬರುವುದೂ ಇದೇ ಲೆಕ್ಕಕ್ಕೆ. ಇಳಿಸಿದರೂ ದೆವ್ವ ಹಾಗೇ ಇದ್ದರೆ ಕೋಡ್ ಕಡೆ ತಿರುಗಿ. ಮೆಮೊರಿ ಮೀರುವುದು, ಅರೇ ಆಚೆ ಬರೆಯುವುದು ಇಂಥವು ಕ್ಲಾಕ್ ಇಳಿಸಿದರೆ ವಾಸಿಯಾಗುವುದಿಲ್ಲ.

ಐಎಸ್‌ಪಿ ಪ್ರೋಗ್ರಾಮರ್ (ಚಿಪ್‌ಗೆ ನೇರ ಬರೆಯುವ ಸಾಧನ) ಇದ್ದರೆ ಫ್ಯೂಸ್, ಅಂದರೆ ಚಿಪ್ ಒಳಗಿನ ಸೆಟ್ಟಿಂಗ್ ಬಿಟ್‌ಗಳನ್ನು ಬದಲಿಸಿ ಬ್ರೌನ್‌ಔಟ್ ಮಟ್ಟವನ್ನು 4.3ಕ್ಕೆ ಏರಿಸಿ. ಆ ಓಣಿ ಮುಚ್ಚಿಹೋಗುತ್ತದೆ. ಏರಿಸಿದ ಮೇಲೆ ರೀಸೆಟ್ ಜಾಸ್ತಿಯಾದರೆ ಗಾಬರಿ ಬೇಡ. ಒಳಗೇ ಇದ್ದ ರೋಗ ಈಗ ಹೊರಗೆ ಕಾಣುತ್ತಿದೆ ಅಷ್ಟೆ, ಕೇಬಲ್ ಮತ್ತು ಸಪ್ಲೈಗೆ ವಾಪಸ್ ಹೋಗಿ. ಫ್ಯೂಸ್ ಬರೆಯುವಾಗ ಮಾತ್ರ ಹುಷಾರು. ಕ್ಲಾಕ್ ಆಯ್ಕೆಯ ಬಿಟ್ ತಪ್ಪಿದರೆ ಚಿಪ್ ಮಾತೇ ಆಡುವುದಿಲ್ಲ. ಮೊದಲ ಸಲ ಮಾಡುವವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಚಿಪ್‌ನ ಪಕ್ಕದಲ್ಲಿ 104 ಅಂತ ಬರೆದ ಪುಟ್ಟ ಕೆಪಾಸಿಟರ್ ಇದೆಯಾ ಅದನ್ನೂ ನೋಡಿ. ಬರೀ ಚಿಪ್ ಕೊಂಡು ಬ್ರೆಡ್‌ಬೋರ್ಡ್ ಮೇಲೆ ಕಟ್ಟುವವರು ಇದನ್ನು ಬಿಡುವುದು ಜಾಸ್ತಿ. ಒಂದೊಂದು ಕ್ಲಾಕ್ ಏಟಿಗೂ ಸಾವಿರಾರು ಟ್ರಾನ್ಸಿಸ್ಟರ್‌ಗಳು ಒಟ್ಟಿಗೆ ಮಗ್ಗುಲು ಬದಲಿಸುತ್ತವೆ. ಆ ಕ್ಷಣಕ್ಕೆ ಬೇಕಾದ ಕರೆಂಟ್ ಉದ್ದ ತಂತಿ ದಾಟಿ ಬರುವಷ್ಟರಲ್ಲಿ ತಡವಾಗಿರುತ್ತದೆ. ಬಾಗಿಲ ಬಳಿಯ ನೀರಿನ ಬಿಂದಿಗೆ ಇದ್ದ ಹಾಗೆ ಆ ಕೆಪಾಸಿಟರ್.

ಲಕ್ಷಣ: ಬಿಸಿಲೇರಿದ ಮೇಲೆ ಮಾತ್ರ ಕೆಡುತ್ತದೆ

ಪೆಟ್ಟಿಗೆಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ತಿರುಗಿಸಿ. ಹತ್ತು ನಿಮಿಷದಲ್ಲಿ ಸರಿಹೋದರೆ ಬಿಸಿಯೇ ಕಾರಣ. ಆದರೆ ಯಾವುದರ ಬಿಸಿ? ಅಟ್‌ಮೆಗಾ 85 ಡಿಗ್ರಿವರೆಗೆ ಕೆಲಸ ಮಾಡಲೆಂದೇ ಮಾಡಿದ ಚಿಪ್. 58 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ.

ನನ್ನ ಪೆಟ್ಟಿಗೆಯ ಲೆಕ್ಕ ಹೀಗಿತ್ತು. 12 ವೋಲ್ಟ್ ಅಡಾಪ್ಟರ್, ಅದರಿಂದ 7805 ರೆಗ್ಯುಲೇಟರ್ ಮೂಲಕ 5 ವೋಲ್ಟ್. ಎಳೆಯುತ್ತಿದ್ದುದು 0.2 ಆಂಪಿಯರ್. ಉಳಿದ 7 ವೋಲ್ಟ್ ರೆಗ್ಯುಲೇಟರ್‌ನಲ್ಲೇ ಬಿಸಿಯಾಗಿ ಹೋಗಬೇಕು: 1.4 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವ್ಯಾಟ್‌ಗೆ ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಮೇಲೇರುತ್ತದೆ. ಅಂದರೆ 91 ಡಿಗ್ರಿ ಏರಿಕೆ. ಸಂಜೆ 30 ಡಿಗ್ರಿ ಇದ್ದಾಗ ಅದರ ಒಳಗೆ 121, ಹೇಗೋ ಬದುಕುತ್ತಿತ್ತು. ಮಧ್ಯಾಹ್ನ ಪೆಟ್ಟಿಗೆಯೊಳಗೆ 58 ಆದಾಗ ಒಳಗೆ 149. ಅಷ್ಟಕ್ಕೆ ಅದು ತನ್ನನ್ನು ಉಳಿಸಿಕೊಳ್ಳಲು ಔಟ್‌ಪುಟ್ ಇಳಿಸುತ್ತದೆ. ರಿಲೇ ಬೀಳುತ್ತದೆ, ಕರೆಂಟ್ ಕಡಿಮೆಯಾಗುತ್ತದೆ, ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ. ಆ ಟಕ್ ಟಕ್ ಇದೇ.

ಹಾಗಾಗಿ ಮುಟ್ಟಿ ನೋಡುವುದಿದ್ದರೆ ಮೊದಲು ರೆಗ್ಯುಲೇಟರ್ ಹತ್ತಿರ ಕೈ ಒಯ್ಯಿರಿ. ಒಯ್ಯಿರಿ ಅಂದೆ, ಮುಟ್ಟಿ ಅನ್ನಲಿಲ್ಲ. 100 ಡಿಗ್ರಿ ದಾಟಿದ ಲೋಹಕ್ಕೆ ಬೆರಳು ತಾಗಿದರೆ ಬೊಬ್ಬೆ ಗ್ಯಾರಂಟಿ. ಔಷಧ ಅಗ್ಗ. 12ರ ಬದಲು 9 ವೋಲ್ಟ್ ಅಡಾಪ್ಟರ್ ಹಾಕಿದರೆ 1.4 ವ್ಯಾಟ್ 0.8ಕ್ಕೆ ಇಳಿಯುತ್ತದೆ. ಅದಕ್ಕಿಂತ ಒಳ್ಳೆಯದು ಎಲ್‌ಎಂ2596 ಇರುವ ಬಕ್ ಕನ್ವರ್ಟರ್ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ) ಮಾಡ್ಯೂಲ್. ಅದರ ಸ್ಕ್ರೂ ತಿರುಗಿಸಿ ಮೊದಲು ಮೀಟರ್‌ನಲ್ಲಿ 5 ವೋಲ್ಟ್‌ಗೆ ಹೊಂದಿಸಿ, ಆಮೇಲೆ ಬೋರ್ಡಿಗೆ ಜೋಡಿಸಿ. ಈ ಕ್ರಮ ತಪ್ಪಿದರೆ 12 ವೋಲ್ಟ್ ನೇರ ಚಿಪ್‌ಗೆ ಹೋಗುತ್ತದೆ. ಜೊತೆಗೆ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಯಿಂದ ನೆರಳಿಗೆ ಸ್ಥಳ ಬದಲಿಸಿ. ನಾನು ಇದೊಂದನ್ನೇ ಮೊದಲು ಮಾಡಿದ್ದರೂ ಅರ್ಧ ವಾರ ಉಳಿಯುತ್ತಿತ್ತು.

ರೆಗ್ಯುಲೇಟರ್ ತಣ್ಣಗಿದೆ, ಚಿಪ್‌ನ ಕಾಲಲ್ಲಿ 5 ವೋಲ್ಟ್ ಗಟ್ಟಿಯಾಗಿದೆ, ಆದರೂ ಬಿಸಿಗೆ ಕೆಡುತ್ತದೆ ಅಂದರೆ ಬೆಸುಗೆ ನೋಡಿ. ಬಿರುಕುಬಿಟ್ಟ ಜೋಡಣೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಹೇರ್ ಡ್ರೈಯರ್‌ನಿಂದ ಒಂದೊಂದೇ ಭಾಗ ಬೆಚ್ಚಗೆ ಮಾಡಿ ಎಲ್ಲಿ ಕೆಡುತ್ತದೆ ಅಂತ ಕಂಡುಹಿಡಿಯಬಹುದು. ದೂರದಿಂದ ಹಿಡಿಯಿರಿ, ಪ್ಲಾಸ್ಟಿಕ್ ಕರಗಿಸಬೇಡಿ. ಮಂಜುಗಡ್ಡೆ ಇಟ್ಟು ತಣಿಸುವ ಸಾಹಸ ಬೇಡ, ನೀರು ಕೂತರೆ ಹೊಸ ತೊಂದರೆ ಶುರು.

ಲಕ್ಷಣ: ರಾಸ್ಪ್‌ಬೆರಿ ಪೈ ಎಳೆಯುತ್ತದೆ, ಪರದೆ ಮೂಲೆಯಲ್ಲಿ ಮಿಂಚಿನ ಗುರುತು

ಇದು ಬುದ್ಧಿವಂತ ಮೇಸ್ತ್ರಿಯ ಕೇಸು. ಪೈ ತನ್ನ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಮಿಂಚಿನ ಗುರುತು ತೋರಿಸಿ ಕ್ಲಾಕ್ ಇಳಿಸುತ್ತದೆ. ಬಿಸಿಗೂ ಹಾಗೆ: 80 ಡಿಗ್ರಿ ಮುಟ್ಟಿದಾಗಿನಿಂದ ವೇಗ ಕಡಿತ ಶುರು. 3ಬಿ ಪ್ಲಸ್ ಮಾದರಿ ಇನ್ನೂ ಸೂಕ್ಷ್ಮ, 60 ಡಿಗ್ರಿಗೇ 1.4 ಗಿಗಾಹರ್ಟ್ಸ್‌ನಿಂದ 1.2ಕ್ಕೆ ಇಳಿಯುತ್ತದೆ.

ಯಾವುದರಿಂದ ಇಳಿದಿದೆ ಅಂತ ಊಹೆ ಮಾಡಬೇಕಿಲ್ಲ, ಅದೇ ಹೇಳುತ್ತದೆ. ಟರ್ಮಿನಲ್‌ನಲ್ಲಿ ವಿಸಿಜೆನ್‌ಸಿಎಂಡಿ ಆಜ್ಞೆಗೆ ಗೆಟ್‌ಥ್ರಾಟಲ್ಡ್ ಆಯ್ಕೆ ಕೊಡಿ. ಗೆಟ್ ಮತ್ತು ಥ್ರಾಟಲ್ಡ್ ನಡುವೆ ಅಂಡರ್‌ಸ್ಕೋರ್ ಇರಬೇಕು. ಉತ್ತರ ಸೊನ್ನೆ ಬಂದರೆ ಬೂಟ್ ಆದಾಗಿನಿಂದ ಏನೂ ಆಗಿಲ್ಲ. 0ಎಕ್ಸ್50000 ಬಂದರೆ ಹಿಂದೆ ಯಾವಾಗಲೋ ವೋಲ್ಟೇಜ್ ಕುಸಿದು ವೇಗ ಇಳಿದಿತ್ತು, ಈಗ ಸರಿ ಇದೆ. 0ಎಕ್ಸ್50005 ಅಂದರೆ ಈ ಕ್ಷಣವೂ ಕುಸಿದೇ ಇದೆ. ಕೊನೆಯ ಅಂಕಿ 8 ಇದ್ದರೆ ಬಿಸಿಯ ಮೊದಲ ಮಿತಿ ಮುಟ್ಟಿದೆ. ಸುಮ್ನೆ ಕೂತಿರುವಾಗ ಕ್ಲಾಕ್ 600 ಮೆಗಾಹರ್ಟ್ಸ್ ತೋರಿಸಿದರೆ ಅದನ್ನು ದೋಷ ಅನ್ನಬೇಡಿ, ಕೆಲಸವಿಲ್ಲದಾಗ ಅದು ಹಾಗೇ ಇರುತ್ತದೆ. ಭಾರದ ಕೆಲಸ ಕೊಟ್ಟು ನೋಡಬೇಕು.

ವೋಲ್ಟೇಜ್ ದೋಷ ಕಂಡರೆ ಮೊಬೈಲ್ ಚಾರ್ಜರ್ ಕಿತ್ತಿಡಿ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಪೈ 5ಕ್ಕೆ 5 ಆಂಪಿಯರ್ ಸಪ್ಲೈ ಬರುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಅದಕ್ಕೆ ಬೇರೆ ಸಪ್ಲೈ ಇರುವ ಹಬ್ ಕೊಡಿ. ವೋಲ್ಟೇಜ್ ಕುಸಿತವನ್ನು ನಿರ್ಲಕ್ಷಿಸಿದರೆ ಎಸ್‌ಡಿ ಕಾರ್ಡ್ ಕೆಡಬಹುದು, ಆಗ ಹೋಗುವುದು ನಿಮ್ಮ ಡೇಟಾ. ಬಿಸಿ ಕಂಡರೆ ಹೀಟ್‌ಸಿಂಕ್, ಸಣ್ಣ ಫ್ಯಾನ್. ಮುಚ್ಚಿದ ಕೇಸ್‌ನ ಮುಚ್ಚಳ ತೆಗೆದರೂ ಎಷ್ಟೋ ಇಳಿಯುತ್ತದೆ. ಪೈ 4ನ್ನು 50 ಡಿಗ್ರಿ ಗಾಳಿಯವರೆಗೆ ಮಾತ್ರ ಬಳಸಬೇಕು ಅಂತ ತಯಾರಕರೇ ಹೇಳುತ್ತಾರೆ. ಬಿಸಿಲಿಗೆ ನಿಂತ ತಗಡಿನ ಪೆಟ್ಟಿಗೆ ನಮ್ಮ ಕಡೆ ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ.

ಕ್ಲಾಕ್ ಇಳಿಸಿದರೆ ಎರಡು ಲಾಭ. ಆಳುಗಳಿಗೆ ಸಮಯ ಸಿಗುತ್ತದೆ, ಬಿಸಿಯೂ ಕಡಿಮೆ. ಚಿಪ್ ತಿನ್ನುವ ಪವರ್ ಕ್ಲಾಕ್‌ಗೆ ತಕ್ಕಂತೆ ಮತ್ತು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ. 10 ಇಳಿಸಿದರೆ ಪವರ್ ಶೇ. 19 ಕಡಿಮೆಯಾಗುತ್ತದೆ. ಪ್ರೊಸೆಸರ್‌ಗಳು ಎರಡನ್ನೂ ಜೊತೆಯಾಗಿ ಇಳಿಸುವುದು ಅದಕ್ಕೇ. ಒಂದು ವಿಚಿತ್ರವೂ ಇದೆ. ಬಹಳ ಕಡಿಮೆ ವೋಲ್ಟೇಜ್‌ನಲ್ಲಿ ಓಡುವ ಹೊಸ ಚಿಪ್‌ಗಳಲ್ಲಿ ತಣ್ಣಗಿದ್ದಾಗಲೇ ಟ್ರಾನ್ಸಿಸ್ಟರ್ ನಿಧಾನ ಆಗಬಹುದು. ಬಿಸಿಗೆ ಅದರ ಹೊಸ್ತಿಲ ವೋಲ್ಟೇಜ್ ಇಳಿಯುವುದರಿಂದ, ಅಲ್ಲಿ ಬಿಸಿ ಸಹಾಯವನ್ನೇ ಮಾಡುತ್ತದೆ.

ಲಕ್ಷಣ: ಸೀರಿಯಲ್‌ನಲ್ಲಿ ಕಸ ಬರುತ್ತದೆ

ಯಾವಾಗಲೂ ಕಸವೇ ಬಂದರೆ ಎರಡೂ ಕಡೆಯ ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ವೇಗ) ಒಂದೇ ಇದೆಯಾ ನೋಡಿ. ಸರಿ ಇದ್ದರೆ ಒಂದು ಎಲ್‌ಇಡಿಯನ್ನು ಸೆಕೆಂಡಿಗೊಮ್ಮೆ ಮಿಟುಕಿಸಿ, ಕೈಗಡಿಯಾರ ಹಿಡಿಯಿರಿ. 1 ಸೆಕೆಂಡ್ 8 ಅಥವಾ 16 ಸೆಕೆಂಡ್ ಆಗಿದ್ದರೆ, ಹೊಸ ಚಿಪ್ ಕಾರ್ಖಾನೆಯಿಂದ ಬಂದ ಹಾಗೇ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದೆ. ಅದರ ಫ್ಯೂಸ್‌ನಲ್ಲಿ ಎಂಟರಿಂದ ಭಾಗಿಸುವ ಬಿಟ್ ಆನ್ ಇರುತ್ತದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಕಸ. ಅಥವಾ ಬ್ಯಾಟರಿ ಇಳಿದಂತೆ ಕಸ. ಆಗ ಚಿಪ್ ಒಳಗಿನ ಆರ್‌ಸಿ ಆಸಿಲೇಟರ್ ಮೇಲೆ ಓಡುತ್ತಿದೆಯಾ ನೋಡಿ. ಅಟ್‌ಮೆಗಾದಲ್ಲಿ ಅದರ ಕಾರ್ಖಾನೆ ನಿಖರತೆ ಶೇ. 10 ಆಚೀಚೆ. ಸೀರಿಯಲ್‌ನಲ್ಲಿ ಒಂದು ಅಕ್ಷರಕ್ಕೆ 10 ಬಿಟ್. ಗಡಿಯಾರ ಶೇ. 5 ತಪ್ಪಿದರೆ ಹತ್ತನೇ ಬಿಟ್‌ಗೆ ಬರುವಷ್ಟರಲ್ಲಿ ಅರ್ಧ ಬಿಟ್ ಜಾರಿರುತ್ತದೆ, ಓದುವುದು ತಪ್ಪಾಗುತ್ತದೆ. ಶೇ. 2ರ ಒಳಗಿದ್ದರೆ ನೆಮ್ಮದಿ.

ಇಲ್ಲಿ ಎಲ್ಲರೂ ಮಾಡುವ ಕೆಲಸ ಬಾಡ್ ರೇಟ್ ಇಳಿಸುವುದು. ಆರ್‌ಸಿ ಆಸಿಲೇಟರ್ ಜಾರಿದ್ದರೆ ಅದರಿಂದ ಪ್ರಯೋಜನ ಇಲ್ಲ. ಶೇಕಡಾವಾರು ತಪ್ಪು ಅಷ್ಟೇ ಉಳಿಯುತ್ತದೆ. ಪ್ರಯೋಜನ ಆಗುವುದು ಭಾಗಾಕಾರ ಸರಿಹೊಂದದೆ ಬಂದ ತಪ್ಪಿಗೆ ಮಾತ್ರ. 16 ಮೆಗಾಹರ್ಟ್ಸ್‌ನಲ್ಲಿ 115200 ಇಟ್ಟರೆ ಲೆಕ್ಕದಲ್ಲೇ ಶೇ. 2.1 ತಪ್ಪು ಬರುತ್ತದೆ, 9600ಕ್ಕೆ ಶೇ. 0.2 ಅಷ್ಟೆ. ಆರ್‌ಸಿಗೆ ನಿಜವಾದ ಮದ್ದು ಹೊರಗಿನ ಕ್ರಿಸ್ಟಲ್. 9 ಮತ್ತು 10ನೇ ಕಾಲಿಗೆ ಕ್ರಿಸ್ಟಲ್, ಎರಡೂ ಕಡೆಯಿಂದ ಗ್ರೌಂಡ್‌ಗೆ 22 ಪಿಕೊಫ್ಯಾರಡ್. ಆಮೇಲೆ ಫ್ಯೂಸ್.

ಲಕ್ಷಣ: ಗಡಿಯಾರ ಹಿಂದೆ ಬೀಳುತ್ತದೆ

ಊನೊದ ಮುಖ್ಯ ಚಿಪ್‌ಗೆ ಇರುವುದು ಕ್ರಿಸ್ಟಲ್ ಅಲ್ಲ, ಅದಕ್ಕಿಂತ ಕಡಿಮೆ ನಿಖರವಾದ ಸಿರಾಮಿಕ್ ರೆಸೊನೇಟರ್. ಶೇ. 0.5 ತಪ್ಪಿದರೂ ದಿನಕ್ಕೆ 7 ನಿಮಿಷ ಆಗುತ್ತದೆ. ಕೋಡ್‌ನಲ್ಲಿ ಮಿಲ್ಲಿಸ್ (ಮಿಲಿಸೆಕೆಂಡ್ ಲೆಕ್ಕ) ಎಣಿಸಿ ದಿನಗಟ್ಟಲೆ ಸಮಯ ಇಡುವ ಆಸೆ ಬಿಡಿ. ಆರ್‌ಟಿಸಿ, ಅಂದರೆ ಸಮಯ ಇಡಲೆಂದೇ ಇರುವ ಗಡಿಯಾರ ಚಿಪ್ ಹಾಕಿ.

ಡಿಎಸ್1307 ಅನ್ನುವ ಆರ್‌ಟಿಸಿ ಹಾಕಿದವರೂ ಬೇಸಿಗೆಯಲ್ಲಿ ದೂರುತ್ತಾರೆ. ಅದರ 32.768 ಕಿಲೊಹರ್ಟ್ಸ್ ಕ್ರಿಸ್ಟಲ್ 25 ಡಿಗ್ರಿಯಲ್ಲಿ ಎಲ್ಲಕ್ಕಿಂತ ವೇಗ. ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 45 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 1.2 ಸೆಕೆಂಡ್ ಹಿಂದೆ ಬೀಳುತ್ತದೆ, ತಿಂಗಳಿಗೆ ಅರ್ಧ ನಿಮಿಷದ ಮೇಲೆ. ಅದಕ್ಕಿಂತ ಎಷ್ಟೋ ಜಾಸ್ತಿ ತಪ್ಪುತ್ತಿದ್ದರೆ ಬಿಸಿಯನ್ನು ಬಯ್ಯಬೇಡಿ, ವೋಲ್ಟೇಜ್ ನೋಡಿ. ಸಪ್ಲೈ ಬ್ಯಾಟರಿ ವೋಲ್ಟೇಜಿನ 1.25 ಪಟ್ಟಿಗಿಂತ ಕೆಳಗಿಳಿದರೆ, ಅಂದರೆ 3 ವೋಲ್ಟ್ ಸೆಲ್‌ಗೆ 3.75, ಡಿಎಸ್1307 ಬಾಯಿ ಮುಚ್ಚಿಕೊಳ್ಳುತ್ತದೆ, ಕೇಳಿದರೂ ಸಮಯ ಹೇಳುವುದಿಲ್ಲ. ನಿಮ್ಮ ಕೋಡ್‌ಗೆ ಸಿಗುವುದು ಕಸದ ಸಮಯ.

ಡಿಎಸ್3231 ಅನ್ನುವ ಇನ್ನೊಂದು ಆರ್‌ಟಿಸಿ ಬಿಸಿಯನ್ನು ತಾನೇ ಅಳೆದು ತಿದ್ದಿಕೊಳ್ಳುತ್ತದೆ. 0ರಿಂದ 40 ಡಿಗ್ರಿಯಲ್ಲಿ ವರ್ಷಕ್ಕೆ ಒಂದು ನಿಮಿಷದ ಆಸುಪಾಸು. ಒಂದು ಎಚ್ಚರಿಕೆ: ಅಗ್ಗದ ಡಿಎಸ್3231 ಮಾಡ್ಯೂಲ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅಲ್ಲಿ ಚಾರ್ಜ್ ಆಗದ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು. ಆ ದಾರಿಯ ಡಯೋಡ್ ಅಥವಾ ರೆಸಿಸ್ಟರ್ ತೆಗೆಸಿ.

ಲಕ್ಷಣ: ಬೆಳಿಗ್ಗೆ ಏಳುವುದಿಲ್ಲ, ನಾಲ್ಕು ಸಲ ಆನ್ ಆಫ್ ಮಾಡಿದರೆ ಏಳುತ್ತದೆ

ಬಿಸಿಲ ದೋಷದ ಉಲ್ಟಾ ಇದು. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ. ತಣ್ಣಗಿದ್ದಾಗ ಅದರ ಒಳ ತಡೆ ಜಾಸ್ತಿ, ಸಪ್ಲೈ ಅಲುಗಾಡುತ್ತದೆ. ನಾಲ್ಕು ಸಲ ಕರೆಂಟ್ ಹರಿದು ಬೆಚ್ಚಗಾದ ಮೇಲೆ ಹೇಗೋ ಹೊತ್ತುಕೊಳ್ಳುತ್ತದೆ. ತಲೆ ಉಬ್ಬಿದೆಯಾ, ಬುಡದಲ್ಲಿ ಜಿಡ್ಡು ಇದೆಯಾ ನೋಡಿ. ಇಂಥ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಗುತ್ತದೆ. ಬೋರ್ಡಿನ ಮೇಲಿನದಾದರೆ ಬದಲಿಸಿಕೊಳ್ಳಿ. ಅಡಾಪ್ಟರ್ ಒಳಗಿನದಾದರೆ ಅಡಾಪ್ಟರನ್ನೇ ಹೊಸದು ತನ್ನಿ.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ, ಹೊಗೆ, ಕಪ್ಪಾದ ಬೋರ್ಡು ಕಂಡರೆ ಮತ್ತೆ ಕರೆಂಟ್ ಕೊಡಬೇಡಿ. ಮನೆಯಲ್ಲಿ ಬೇರೆ ಲೈಟುಗಳೂ ಮಂಕಾಗಿ ಉರಿಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಪ್ರಖರವಾದರೆ ಅದು ಬೋರ್ಡಿನ ದೋಷವಲ್ಲ. ನ್ಯೂಟ್ರಲ್ ಸಡಿಲ ಆಗಿರಬಹುದು. ಮೇನ್ ಇಳಿಸಿ ಎಲೆಕ್ಟ್ರೀಷಿಯನ್ ಕರೆಸಿ, ಕಂಬದ ಕಡೆಯದಾದರೆ ಲೈನ್‌ಮನ್‌ಗೆ ಹೇಳಿ. ಕಾಲಲ್ಲಿ ವೋಲ್ಟೇಜ್ ಸರಿ, ಬಿಸಿ ಸರಿ, ಕ್ಲಾಕ್ ಅರ್ಧ ಮಾಡಿದರೂ ಕೆಡುತ್ತದೆ, ಹೊಸ ಚಿಪ್‌ನಲ್ಲೂ ಅದೇ ಕಥೆ ಅಂದರೆ ಆಸಿಲೋಸ್ಕೋಪ್ ಇರುವವರ ಹತ್ತಿರ ಹೋಗುವ ಹೊತ್ತು ಬಂದಿದೆ.

ಹೋಗುವಾಗ ಬೋರ್ಡೊಂದನ್ನೇ ಒಯ್ಯಬೇಡಿ. ನಿಮ್ಮ ಅಡಾಪ್ಟರ್, ಕೇಬಲ್, ಪೆಟ್ಟಿಗೆ ಎಲ್ಲ ಜೊತೆಗೆ ಇರಲಿ. ಯಾವ ಹೊತ್ತಿಗೆ ಕೆಟ್ಟಿತು, ಆಗ ಕಾಲಲ್ಲಿ ಎಷ್ಟು ವೋಲ್ಟ್, ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಅವರು ತಮ್ಮ ಒಳ್ಳೆಯ ಸಪ್ಲೈಗೆ ಹಚ್ಚಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಓಡಿಸಿ, ಏನೂ ಆಗಿಲ್ಲ ಅಂತ ವಾಪಸ್ ಕೊಡುತ್ತಾರೆ.